ಸೆಪರೇಟರ್ ಪೇಟೆಂಟ್‌ಗೆ ಆಕ್ಷೇಪ ಬಂದಿದೆಯಾ? ಉತ್ತರ ಸಿದ್ಧಪಡಿಸುವುದು ಹೀಗೆ

ಅರ್ಜಿ ಹಾಕಿ ಕಾದು ಕಾದು, ಕೊನೆಗೆ ಪೇಟೆಂಟ್ ಕಚೇರಿಯಿಂದ ಪರೀಕ್ಷಾ ವರದಿ ಬರುತ್ತದೆ. ತೆರೆದು ನೋಡಿದರೆ ಒಂದನೇ ಕ್ಲೇಮಿನಿಂದ (ಯಾವುದರ ಮೇಲೆ ಹಕ್ಕು ಬೇಕು ಅಂತ ಹೇಳುವ ವಾಕ್ಯ) ಕೊನೆಯದರ ತನಕ ಎಲ್ಲದಕ್ಕೂ ಆಕ್ಷೇಪ! ಎದೆ ಧಸಕ್ ಅನ್ನುವುದು ಸಹಜ. ಆದರೆ ಮೊದಲ ವರದಿಯಲ್ಲಿ ಹೀಗಾಗುವುದು ಮಾಮೂಲು, ಗಾಬರಿ ಬೇಡ. ಉತ್ತರ ಕೊಡಬೇಕಾದ ಕೊನೆಯ ದಿನ ಯಾವುದು ಅಂತ ಮೊದಲು ಗುರುತು ಹಾಕಿಕೊಳ್ಳಿ. ಆಮೇಲೆ ಲ್ಯಾಬ್ ನೋಟ್‌ಬುಕ್ ಹೊರಗೆ ತೆಗೆಯಿರಿ. ಸೆಪರೇಟರ್ ಅರ್ಜಿ ಉಳಿಯುತ್ತದೋ ಬೀಳುತ್ತದೋ ಅನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಅದರಲ್ಲಿರುವ ಅಳತೆಗಳೇ.

ಸೆಪರೇಟರ್ ಅಂದರೆ ಬ್ಯಾಟರಿಯ ಎರಡು ಎಲೆಕ್ಟ್ರೋಡ್‌ಗಳ ನಡುವೆ ಕೂರುವ ತೆಳು ಹಾಳೆ. ಎಲೆಕ್ಟ್ರೋಡ್‌ಗಳು ಒಂದಕ್ಕೊಂದು ತಾಗದಂತೆ ತಡೆಯಬೇಕು, ಆದರೆ ಲಿಥಿಯಂ ಅಯಾನುಗಳನ್ನು ಆಚೆ ಬಿಡಬೇಕು. ಸಾಮಾನ್ಯವಾಗಿ ಇದು 10ರಿಂದ 25 ಮೈಕ್ರಾನ್ ದಪ್ಪದ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಈ ಪ್ಲಾಸ್ಟಿಕ್‌ಗಳು ಎಲೆಕ್ಟ್ರೋಲೈಟನ್ನು (ಅಯಾನುಗಳು ಸಾಗುವ ದ್ರವ) ಸರಿಯಾಗಿ ಹೀರುವುದಿಲ್ಲ, ಬಿಸಿಯಾದರೆ ಮುದುಡುತ್ತವೆ. ಅದಕ್ಕೇ ಮೇಲ್ಮೈಗೆ ಸಲ್ಫೋನಿಕ್, ಕಾರ್ಬಾಕ್ಸಿಲ್, ಅಮೀನ್‌ನಂಥ ರಾಸಾಯನಿಕ ಗುಂಪುಗಳನ್ನು ಕಸಿ ಮಾಡುತ್ತಾರೆ. ಲಿಥಿಯಂ-ಸಲ್ಫರ್ ಬ್ಯಾಟರಿಯಲ್ಲಿ ಸಲ್ಫೋನಿಕ್ ಗುಂಪಿಗೆ ಇನ್ನೂ ಒಂದು ಕೆಲಸವಿದೆ. ಅದರ ಋಣ ವಿದ್ಯುದಾವೇಶ, ಗಂಧಕದಿಂದ ಹುಟ್ಟಿ ಎಲೆಕ್ಟ್ರೋಲೈಟಿನಲ್ಲಿ ಕರಗುವ ಪಾಲಿಸಲ್ಫೈಡ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ.

ಈಗ ನಿಮ್ಮ ಕ್ಲೇಮನ್ನು ನೀವೇ ಎಕ್ಸಾಮಿನರ್ (ಅರ್ಜಿ ಪರೀಕ್ಷಿಸುವ ಅಧಿಕಾರಿ) ಆಗಿ ಓದಿ. ಒಂದು ಮಾದರಿ ನೋಡೋಣ (ಪಾಲಿಓಲಿಫಿನ್ ಅಂದರೆ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್‌ಗಳ ಕುಟುಂಬ): "ರಂಧ್ರಗಳುಳ್ಳ ಪಾಲಿಓಲಿಫಿನ್ ಹಾಳೆ ಇರುವ ಸೆಪರೇಟರ್, ಅದರ ಮೇಲ್ಮೈಯಲ್ಲಿ ಸಲ್ಫೋನಿಕ್, ಕಾರ್ಬಾಕ್ಸಿಲ್ ಅಥವಾ ಅಮೀನ್ ಗುಂಪು ಇರುತ್ತದೆ." ಇಲ್ಲಿ ಪೆಟ್ಟು ಬೀಳುವುದು "ಅಥವಾ" ಅನ್ನುವ ಪದಕ್ಕೆ. ಮೂರರಲ್ಲಿ ಯಾವುದಾದರೂ ಒಂದು ಹಳೆಯ ದಾಖಲೆಯಲ್ಲಿ ಸಿಕ್ಕಿದರೂ ಸಾಕು, ಇಡೀ ಕ್ಲೇಮಿನ ಹೊಸತನ ಹೋಯಿತು. ಸಿಗುವುದೇನೂ ಕಷ್ಟವಲ್ಲ. ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿಗಳಲ್ಲಿ ಸಲ್ಫೋನೇಟ್ ಮಾಡಿದ ಹಾಳೆ, ಅಕ್ರಿಲಿಕ್ ಆಸಿಡ್ (ಇದರಲ್ಲಿ ಕಾರ್ಬಾಕ್ಸಿಲ್ ಗುಂಪಿದೆ) ಕಸಿ ಮಾಡಿದ ಹಾಳೆ ಎರಡನ್ನೂ ಬಳಸಿದ್ದಾರೆ. "ನಮ್ಮದು ಲಿಥಿಯಂ ಬ್ಯಾಟರಿಗೆ" ಅಂತ ಒಂದು ಮಾತು ಸೇರಿಸಿದರೆ ಬಚಾವಾಗಬಹುದು ಅಂದುಕೊಳ್ಳಬೇಡಿ. ವಸ್ತುವಿನ ಕ್ಲೇಮಿನಲ್ಲಿ ಬಳಕೆಯ ಉದ್ದೇಶ ಬರೆದರೆ ಬಹುತೇಕ ಕಚೇರಿಗಳು ಅದನ್ನು "ಆ ಬಳಕೆಗೆ ಹೊಂದುವಂಥದ್ದು" ಅಂತ ಮಾತ್ರ ಓದುತ್ತವೆ. ಹಳೆಯ ಹಾಳೆಯೂ ಹೊಂದುವಂತಿದ್ದರೆ ಆ ಪದ ನಿಮ್ಮನ್ನು ಕಾಪಾಡುವುದಿಲ್ಲ.

ಹುಡುಕಾಟದ ವರದಿಯಲ್ಲಿ ದಾಖಲೆಗಳ ಪಕ್ಕ ಒಂದೊಂದು ಅಕ್ಷರ ಇರುತ್ತದೆ. "ಎಕ್ಸ್" ಅಂದರೆ ಒಂದೇ ದಾಖಲೆ ನಿಮ್ಮ ಕ್ಲೇಮನ್ನು ಬೀಳಿಸಬಲ್ಲದು, "ವೈ" ಅಂದರೆ ಇನ್ನೊಂದರ ಜೊತೆ ಸೇರಿದರೆ, "ಎ" ಬರೀ ಹಿನ್ನೆಲೆ. ಎಕ್ಸ್ ದಾಖಲೆಯ ಸಾರಾಂಶ ಓದಿ ಸುಮ್ಮನಾಗಬೇಡಿ, ಅದರ ಉದಾಹರಣೆಗಳ ಕೋಷ್ಟಕಕ್ಕೇ ನೇರವಾಗಿ ಹೋಗಿ. ನೀವೂ ಹುಡುಕುವುದಾದರೆ ಒಂದು ವಿಷಯ ನೆನಪಿಡಿ: ಪೇಟೆಂಟ್‌ಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ, ಯಾವ ವಸ್ತುವಿನದ್ದು ಅಂತ ನೋಡಿ ವಿಂಗಡಿಸಿದ ಸೆಪರೇಟರ್‌ಗಳ ವರ್ಗ ಈಗ ಎಚ್‌01ಎಂ 50/409ರಿಂದ ಶುರುವಾಗುತ್ತದೆ, ಆದರೆ ಈ ಸಂಖ್ಯೆ ಬಂದದ್ದು 2021ರಲ್ಲಿ. ಅದಕ್ಕಿಂತ ಹಳೆಯ ದಾಖಲೆಗಳ ಮುಖಪುಟದಲ್ಲಿ ಎಚ್‌01ಎಂ 2/16 ಅಂತಲೇ ಇರುತ್ತದೆ.

ಈ ಕ್ಷೇತ್ರದಲ್ಲಿ ಜಾಸ್ತಿ ತಲೆನೋವು ಕೊಡುವುದು "ಕಸಿಯ ಪ್ರಮಾಣ 8 ಶೇಕಡಾ" ಅನ್ನುವಂಥ ಸಂಖ್ಯೆಗಳು, ಅಂದರೆ ಕಸಿಯಿಂದ ಹಾಳೆಯ ತೂಕ ಎಷ್ಟು ಹೆಚ್ಚಿತು ಅನ್ನುವ ಲೆಕ್ಕ. ಅಳೆದದ್ದು ಹೇಗೆ ಅಂತ ಎಕ್ಸಾಮಿನರ್ ಕೇಳುತ್ತಾರೆ, ಕೇಳಲೇಬೇಕು. ಲೆಕ್ಕ ಹಾಕಿ ನೋಡಿ. 12 ಮೈಕ್ರಾನ್ ದಪ್ಪದ, 40 ಶೇಕಡಾ ರಂಧ್ರವಿರುವ ಪಾಲಿಎಥಿಲೀನ್ ಹಾಳೆಯಲ್ಲಿ 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ತುಂಡು ಕತ್ತರಿಸಿದರೆ ಅದರ ತೂಕ ಸುಮಾರು 68 ಮಿಲಿಗ್ರಾಂ. ಅದರ 8 ಶೇಕಡಾ ಅಂದರೆ ಐದೂವರೆ ಮಿಲಿಗ್ರಾಂ ಅಷ್ಟೇ! ಸಲ್ಫೋನಿಕ್ ಗುಂಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಸರಿಯಾಗಿ ಒಣಗಿಸದೆ ತೂಗಿದರೆ ನೀವು ಕಸಿ ಅಂತ ಬರೆದದ್ದರಲ್ಲಿ ಒಂದು ಪಾಲು ಬರೀ ನೀರು. ಹಾಳೆಗೆ ಅಂಟದೆ ಬಿಡಿಯಾಗಿ ಬೆಳೆದ ಪಾಲಿಮರ್ ರಂಧ್ರದೊಳಗೆ ಉಳಿದಿದ್ದರೆ ಅದೂ ತೂಕಕ್ಕೆ ಸೇರಿಕೊಳ್ಳುತ್ತದೆ. ತೊಳೆದದ್ದು ಯಾವುದರಲ್ಲಿ, ಎಷ್ಟು ಹೊತ್ತು, ಒಣಗಿಸಿದ್ದು ಎಷ್ಟು ಡಿಗ್ರಿಯಲ್ಲಿ, ಇಷ್ಟೂ ಮೂಲ ಅರ್ಜಿಯಲ್ಲೇ ಇದ್ದರೆ ಉತ್ತರ ಸಲೀಸು. ಗಾಳಿ ಹಾಯುವ ಗರ್ಲೀ ಸಂಖ್ಯೆಗೂ ಇದೇ ಮಾತು. 100 ಮಿಲಿಲೀಟರ್ ಗಾಳಿ ದಾಟಲು ಇಷ್ಟು ಸೆಕೆಂಡ್ ಅಂತ ಬರೆದು, ಒತ್ತಡ ಮತ್ತು ವಿಸ್ತೀರ್ಣ ಬಿಟ್ಟರೆ ಆ ಸಂಖ್ಯೆಗೆ ಅರ್ಥವೇ ಇಲ್ಲ ಅಲ್ವಾ?

ಇನ್ನೊಂದು ಆಕ್ಷೇಪವೂ ಆಗಾಗ ಬರುತ್ತದೆ: "ಹಳೆಯ ದಾಖಲೆಯಲ್ಲಿ ಈ ಸಂಖ್ಯೆ ಬರೆದಿಲ್ಲ, ಆದರೆ ಅದೇ ವಸ್ತು, ಅದೇ ವಿಧಾನ, ಆದ್ದರಿಂದ ಈ ಗುಣ ಅದರಲ್ಲೂ ಇದ್ದೇ ಇರುತ್ತದೆ." ಇದಕ್ಕೆ ಪುಟಗಟ್ಟಲೆ ವಾದ ಬರೆಯುವುದಕ್ಕಿಂತ ಆ ಹಳೆಯ ದಾಖಲೆಯ ಉದಾಹರಣೆಯನ್ನು ಇದ್ದಂತೆಯೇ ಮಾಡಿ ನೋಡಿ. ಅಳೆಯಿರಿ. ಸಂಖ್ಯೆ ಬೇರೆ ಬಂದರೆ ಅದನ್ನೇ ಉತ್ತರದ ಜೊತೆ ಕೊಡಿ. ಒಂದೇ ಬಂದರೆ ಕ್ಲೇಮನ್ನು ಕಿರಿದು ಮಾಡಲೇಬೇಕು, ಅದನ್ನು ಬೇಗ ತಿಳಿದುಕೊಳ್ಳುವುದೇ ಒಳ್ಳೆಯದು.

ಹೊಸತನ ಉಳಿಯಿತು ಅಂತಿಟ್ಟುಕೊಳ್ಳಿ. ಮುಂದಿನ ಪ್ರಶ್ನೆ, ಇದು ಈ ಕ್ಷೇತ್ರದ ಯಾರಿಗಾದರೂ ಸುಲಭವಾಗಿ ಹೊಳೆಯುವಂಥದ್ದೇ ಅನ್ನುವುದು. ಹೋಲಿಕೆಯ ಪ್ರಯೋಗ ಬೇಕಾಗುವುದು ಇಲ್ಲೇ. ಮೂಲ ಹಾಳೆ ಅದೇ, ದಪ್ಪ ಅದೇ, ರಂಧ್ರ ಅಷ್ಟೇ ಇದ್ದು, ಬದಲಾದದ್ದು ಕಸಿ ಮಾಡಿದ ಗುಂಪು ಮಾತ್ರ ಆಗಿರಬೇಕು. ನಿಮ್ಮದು 12 ಮೈಕ್ರಾನ್, ಹೋಲಿಸಿದ್ದು 20 ಮೈಕ್ರಾನ್ ಆಗಿದ್ದರೆ ಚಾರ್ಜ್-ಡಿಸ್ಚಾರ್ಜ್ ಸುಧಾರಿಸಿದ್ದು ಕಸಿಯಿಂದಲೋ ತೆಳುವಾದದ್ದರಿಂದಲೋ ಹೇಳಲಾಗದು. ಕ್ಲೇಮಿನಲ್ಲಿ 2ರಿಂದ 30 ಶೇಕಡಾ ಅಂತ ಬರೆದು 8ರಲ್ಲಿ ಮಾತ್ರ ಪರೀಕ್ಷೆ ಮಾಡಿದ್ದರೂ ಕಷ್ಟವೇ. ಕಸಿ ಹೆಚ್ಚಾದಂತೆ ರಂಧ್ರ ಮುಚ್ಚಿಕೊಳ್ಳುತ್ತದೆ ಅನ್ನುವುದು ಎಕ್ಸಾಮಿನರ್‌ಗೂ ಗೊತ್ತು. 30ರಲ್ಲೂ ಕೆಲಸ ಮಾಡುತ್ತದೆ ಅಂತ ಅವರು ಯಾಕೆ ನಂಬಬೇಕು?

ತಿದ್ದುಪಡಿ ಮಾಡುವಾಗ ಕೈ ಬಿಗಿ ಇರಲಿ. ಮೂಲ ಅರ್ಜಿಯಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ. ಹೊಸ ಪ್ರಯೋಗದ ಫಲಿತಾಂಶವನ್ನು ಹಲವು ಕಚೇರಿಗಳು ವಾದಕ್ಕೆ ಪುರಾವೆಯಾಗಿ ನೋಡುತ್ತವೆ, ಆದರೆ ಅದನ್ನು ಅರ್ಜಿಯ ಒಳಗೆ ತುರುಕಲು ಬಿಡುವುದಿಲ್ಲ. ಒಂದು ಉದಾಹರಣೆಯಿಂದ 8 ಶೇಕಡಾ ಅನ್ನುವುದನ್ನಷ್ಟೇ ಎತ್ತಿಕೊಂಡು, ಅದರ ಜೊತೆಗಿದ್ದ, ಪ್ಲಾಸ್ಮಾದಿಂದ ಕಸಿ ಮಾಡುವ ವಿಧಾನವನ್ನು ಬಿಟ್ಟುಬಿಟ್ಟರೂ ಆಕ್ಷೇಪ ಬರಬಹುದು. ಎರಡೂ ಒಟ್ಟಿಗೇ ಇರಬೇಕಾದವು ಅಂತ ಎಕ್ಸಾಮಿನರ್ ಹೇಳಬಹುದು. ಹಾಗಾಗಿ ಪ್ರತಿ ತಿದ್ದುಪಡಿಯ ಎದುರು ಮೂಲ ಅರ್ಜಿಯ ಪುಟ, ಸಾಲು ಬರೆಯಿರಿ. ಸಾಲು ಸಿಗದ ತಿದ್ದುಪಡಿಯನ್ನು, ಎಷ್ಟೇ ಚೆನ್ನಾಗಿ ಕಂಡರೂ, ಕಳಿಸುವ ಮುಂಚೆ ಹೊಡೆದುಹಾಕಿ.