ಹುಡುಗರ ಕೈಗೆ ಮದ್ಯ ಸಿಗದ ಹಾಗೆ ಮಾಡಲು ಹೊರಟಾಗ: ನನ್ನ ಅನುಭವ

ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಮೇಷ್ಟ್ರು. ಒಂಬತ್ತು, ಹತ್ತನೇ ಕ್ಲಾಸಿನ ಹುಡುಗರು ಎಣ್ಣೆ ರುಚಿ ನೋಡೋದು ಇಲ್ಲಿ ಗುಟ್ಟಿನ ವಿಷಯವೇನೂ ಅಲ್ಲ. ಅದನ್ನು ತಡೆಯಲು ಊರಿನವರ ಜೊತೆ ಸೇರಿ ಏನು ಮಾಡಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಊರಿನವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಇವರಿಗೆ ಎಲ್ಲಿಂದ ಸಿಗುತ್ತದೆ ಅಂತ ತಿಳಿದುಕೊಳ್ಳಬೇಕಿತ್ತು. ಹೆಸರು ಹಾಕದೆ ಚೀಟಿಯಲ್ಲಿ ಬರೆದುಕೊಡಿ ಅಂದೆ. ಹುಡುಗರು ಮುಚ್ಚುಮರೆ ಇಲ್ಲದೆ ಬರೆದರು. ಅಪ್ಪನೋ ಚಿಕ್ಕಪ್ಪನೋ ತರಲು ಕಳಿಸುತ್ತಾರೆ. ಊರೊಳಗಿನ ಪೆಟ್ಟಿ ಅಂಗಡಿಯಲ್ಲಿ ಕದ್ದು ಮಾರುತ್ತಾರೆ. ಇನ್ನೊಂದು, ಬೀಗರ ಊಟ. ಜಾಸ್ತಿ ಜನ ಬರೆದದ್ದು 90 ಎಂಎಲ್ ಟೆಟ್ರಾ ಪ್ಯಾಕ್ ಬಗ್ಗೆ. ಒಡೆಯಲ್ಲ, ಸದ್ದಾಗಲ್ಲ, ಚಡ್ಡಿ ಜೇಬಿನಲ್ಲಿ ಹಿಡಿಯುತ್ತದೆ, ಬೆಲೆಯೂ ಕಡಿಮೆ.

ಆಮೇಲೆ ಕಾನೂನು ಓದಿದೆ. ನಮ್ಮ ರಾಜ್ಯದ ಲೈಸೆನ್ಸ್ ನಿಯಮದ ಪ್ರಕಾರ 21 ವರ್ಷ ಆಗದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಬಂದಿತ್ತು. ಜನ ವಿರೋಧಿಸಿದ ಮೇಲೆ ಸರ್ಕಾರ ಕೈಬಿಟ್ಟಿತು. ಒಳ್ಳೆಯದೇ ಆಯಿತು. 2015ರ ಬಾಲನ್ಯಾಯ ಕಾಯ್ದೆ ಇನ್ನೂ ಗಟ್ಟಿ. 18 ತುಂಬದ ಮಗುವಿಗೆ ಮದ್ಯ ಕೊಟ್ಟರೆ 77ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಮಾರಲು, ಸಾಗಿಸಲು ಮಕ್ಕಳನ್ನು ಬಳಸಿದರೆ 78ನೇ ಕಲಂ, ಶಿಕ್ಷೆ ಅಷ್ಟೇ. ಕೊಡುವವನು ಅಂಗಡಿಯವನೇ ಆಗಿರಬೇಕು ಅಂತೇನಿಲ್ಲ. ಸ್ವಂತ ಮಾವನೂ ಇದರಲ್ಲಿ ಬರುತ್ತಾನೆ. ಇದನ್ನು ಪೋಷಕರ ಸಭೆಯಲ್ಲಿ ಓದಿ ಹೇಳಿದಾಗ ಹಿಂದೆ ಕೂತಿದ್ದ ಗಂಡಸರೆಲ್ಲ ತಲೆ ಎತ್ತಿ ನೋಡಿದರು.

ಪೆಟ್ಟಿ ಅಂಗಡಿ ವಿಷಯದಲ್ಲಿ ಒಂದು ಮಾತು ಮುಖ್ಯ. "ಮಕ್ಕಳಿಗೆ ಮಾರುತ್ತಾರೆ" ಅಂತ ದೂರು ಕೊಟ್ಟರೆ ಯಾವ ಮಗು, ವಯಸ್ಸೆಷ್ಟು, ಸಾಕ್ಷಿ ಯಾರು ಅನ್ನೋ ಪ್ರಶ್ನೆ ಬರುತ್ತದೆ. ನಮ್ಮ ಹುಡುಗರನ್ನು ಠಾಣೆ ಮೆಟ್ಟಿಲು ಹತ್ತಿಸಲು ನನಗೆ ಮನಸ್ಸಿರಲಿಲ್ಲ. ಲೈಸೆನ್ಸ್ ಇಲ್ಲದೆ ಮಾರುವುದೇ ತಪ್ಪು, ಕೊಂಡವನ ವಯಸ್ಸು ಎಷ್ಟೇ ಇರಲಿ. ಹಾಗಾಗಿ ಅಷ್ಟನ್ನೇ ಬರೆದೆವು. ಯಾವ ಜಾಗ, ಯಾವ ಹೊತ್ತು, ಸರಕು ಎಲ್ಲಿ ಇಟ್ಟಿರುತ್ತಾರೆ. ಸುಮ್ನೆ "ಊರಲ್ಲಿ ಕುಡಿತ ಹೆಚ್ಚಾಗಿದೆ" ಅಂತ ಬರೆದರೆ ಯಾರೂ ಬರಲ್ಲ. ಶಾಲಾಭಿವೃದ್ಧಿ ಸಮಿತಿಯವರೂ (ಎಸ್‌ಡಿಎಂಸಿ) ಸ್ತ್ರೀಶಕ್ತಿ ಸಂಘದವರೂ ಸಹಿ ಹಾಕಿದರು. ಒಂದು ಪ್ರತಿ ಅಬಕಾರಿಗೆ, ಒಂದು ಪೊಲೀಸ್ ಠಾಣೆಗೆ. ಎರಡೂ ಕಡೆ ಸ್ವೀಕೃತಿ ಪಡೆದೆವು. ದಾಳಿ ಆಯಿತು. ಕೆಲವು ವಾರ ಬಿಟ್ಟು ಇನ್ನೊಂದು ಮನೆಯಲ್ಲಿ ಮಾರಾಟ ಶುರುವಾಯಿತು. ಮತ್ತೆ ಬರೆದೆವು. ಇದು ಬೇಸರದ ಕೆಲಸ, ಆದರೆ ಬಿಟ್ಟರೆ ಕೆಟ್ಟಿತು.

ಮೇನ್ ರೋಡಿನ ಲೈಸೆನ್ಸ್ ಅಂಗಡಿಗೂ ಹೋದೆವು. ಕೌಂಟರಿನಲ್ಲಿದ್ದವರು, "ಮುಖ ನೋಡಿ ವಯಸ್ಸು ಹೇಳೋಕಾಗುತ್ತಾ ಮೇಷ್ಟ್ರೇ?" ಅಂದರು. "ಅದಕ್ಕೇ ಕಾರ್ಡ್ ಕೇಳಿ, ಅಪ್ಪನಿಗೆ ಅಂದರೂ ಕೊಡಬೇಡಿ" ಅಂದೆ. ವಯಸ್ಸಿನ ಬೋರ್ಡು ಎಲ್ಲರಿಗೂ ಕಾಣುವ ಕಡೆ ಹಾಕಿದರು.

ಬೀಗರ ಊಟ ಮಾತ್ರ ನಿಜವಾಗಲೂ ಕಷ್ಟ. ಬಾಡೂಟದ ಸಂತೋಷದಲ್ಲಿ "ಗಂಡುಹುಡುಗ, ಒಂಚೂರು ನೋಡ್ಲಿ ಬಿಡಿ" ಅನ್ನುವವರು ಇದ್ದೇ ಇರುತ್ತಾರೆ. ಲೋಟ ತುಂಬಲು, ಸೋಡ ತರಲು ಹುಡುಗರನ್ನೇ ಓಡಾಡಿಸುತ್ತಾರೆ. ಉಳಿದದ್ದು ಅವರ ಹೊಟ್ಟೆಗೆ. ಇಲ್ಲಿ ಪೊಲೀಸರು ಏನು ಮಾಡುತ್ತಾರೆ? ಕೆಲಸ ಮಾಡಿದ್ದು ಸಂಘದ ಹೆಂಗಸರು. ಮದುವೆ ಗೊತ್ತಾದ ಮನೆಗೆ ಮೊದಲೇ ಹೋಗಿ ಯಜಮಾನರ ಹತ್ತಿರ ಕೂತು ಮಾತಾಡಿದರು. "ಗೌಡ್ರೇ, ನೀವು ಏನಾರ ಮಾಡ್ಕಳಿ, ನಮ್ ಹೈಕ್ಳನ್ನ ಆ ಕಡೆ ಬುಡ್ಬೇಡಿ" ಅಂದರು. ಆ ಮನೆಯವರು ಒಪ್ಪಿದರು. ಬಡಿಸುವ ಜಾಗ ಬೇರೆ ಮಾಡಿ, ದೊಡ್ಡವರೊಬ್ಬರನ್ನು ಅಲ್ಲಿ ನಿಲ್ಲಿಸಿದರು. ಅದನ್ನು ನೋಡಿ ಬೇರೆ ಮನೆಗಳವರೂ ಹಾಗೇ ಮಾಡತೊಡಗಿದರು. ಎಲ್ಲರೂ ಅಲ್ಲ.

ಕ್ಲಾಸಿನಲ್ಲಿ ನಾನು ಹೆದರಿಸಲು ಹೋಗಲಿಲ್ಲ. ಕೊಳೆತ ಲಿವರ್ ಚಿತ್ರಕ್ಕೆ ಹುಡುಗರು ನಗುತ್ತಾರೆ. ಮೆದುಳು ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ, ಮುಂದಾಲೋಚನೆ ಮಾಡುವ ಭಾಗ ಕೊನೆಗೆ ಬಲಿಯುತ್ತದೆ, ಚಿಕ್ಕ ವಯಸ್ಸಿಗೇ ಶುರು ಮಾಡಿದವರಿಗೆ ಚಟ ಹತ್ತುವ ಸಾಧ್ಯತೆ ಜಾಸ್ತಿ ಅಂತ ಹೇಳಿದೆ. ಬೇಡ ಅನ್ನೋದನ್ನೂ ಅಭ್ಯಾಸ ಮಾಡಿಸಿದೆ. "ನಾಳೆ ಕಬಡ್ಡಿ ಮ್ಯಾಚ್ ಐತೆ ಕಣಣ್ಣ" ಅನ್ನೋ ಉತ್ತರ ಅವರೇ ಕಂಡುಕೊಂಡದ್ದು.

ಕುಡಿದು ಸಿಕ್ಕಿಬಿದ್ದ ಹುಡುಗನನ್ನು ಪ್ರಾರ್ಥನೆಯಲ್ಲಿ ನಿಲ್ಲಿಸಬೇಡಿ, ಟಿಸಿ ಕೊಡ್ತೀನಿ ಅನ್ನಬೇಡಿ. ಶಾಲೆ ಬಿಟ್ಟ ಹುಡುಗ ನೇರ ಕುಡಿಯುವವರು ಸೇರುವ ನಾಲೆ ಏರಿಗೆ ಹೋಗುತ್ತಾನೆ, ಅಲ್ವಾ? ಅಂಥ ಒಬ್ಬನ ತಾಯಿಯನ್ನು ಕರೆದು ಮಾತಾಡಿದೆ, ಜೊತೆಗೆ ಆಸ್ಪತ್ರೆಗೂ ಹೋದೆ. ಮನೆಯಲ್ಲಿ ಹೇಳಿಕೊಳ್ಳಲಾಗದವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098 ಇವೆ. ಎರಡನ್ನೂ ಪ್ರತಿ ಕ್ಲಾಸಿನ ಗೋಡೆ ಮೇಲೆ ಬರೆಸಿದ್ದೇವೆ.

ಮಕ್ಕಳ ಗ್ರಾಮ ಸಭೆಯಲ್ಲಿ ನಮ್ಮ ಹೆಣ್ಣುಮಕ್ಕಳು ಎದ್ದು ನಿಂತು, ನಾಲೆ ಏರಿ ಮೇಲೆ ಸಂಜೆ ಕುಡಿಯುವವರ ಕಾಟ, ಅಲ್ಲಿಗೆ ಲೈಟ್ ಹಾಕಿಸಿ ಅಂತ ಕೇಳಿದರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ನಡಾವಳಿಯಲ್ಲಿ ಬರೆದುಕೊಂಡರು. ಕಂಬ ಇನ್ನೂ ಬಂದಿಲ್ಲ. ನಡಾವಳಿ ಪ್ರತಿ ಹಿಡಿದು ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇವೆ.