ಅಳತೆಯಿಟ್ಟು ಬರೆಯುವುದು: ಮನಸ್ಸಿನ ಚಿಕಿತ್ಸೆಯಲ್ಲಿ ಬರವಣಿಗೆಯನ್ನು ಬಳಸುವ ಕ್ರಮ

ಮನಸ್ಸಿಗೆ ಬೇಸರವಾದಾಗ ಡೈರಿ ಬರೆಯಿರಿ ಎಂದು ಹೇಳದವರಿಲ್ಲ. ಆದರೆ ಯಾವ ವಿಷಯವನ್ನು, ಎಷ್ಟು ಹೊತ್ತು, ಎಷ್ಟು ದಿನ ಬರೆಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಉತ್ಸಾಹದಿಂದ ಶುರು ಮಾಡಿದವರು ಒಂದೇ ದೂರನ್ನು ತಿಂಗಳುಗಟ್ಟಲೆ ಬರೆದು, ಮೊದಲಿಗಿಂತ ಹೆಚ್ಚು ಕುಗ್ಗಿ, ನೋಟ್‌ಬುಕ್ಕನ್ನು ಮೂಲೆಗೆಸೆಯುವುದೂ ಉಂಟು. ಆಪ್ತಸಮಾಲೋಚನೆಯಲ್ಲಿ ಬಳಸುವ ಬರವಣಿಗೆ ನಿತ್ಯದ ಡೈರಿಗಿಂತ ಬೇರೆ. ಅದಕ್ಕೆ ಗೊತ್ತುಪಡಿಸಿದ ವಿಷಯವಿದೆ, ಗಡಿಯಾರದ ಮಿತಿಯಿದೆ, ಮುಗಿಯುವ ದಿನವೂ ಇದೆ.

ಈ ಕ್ರಮದ ಮೂಲ 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಪ್ರಕಟಿಸಿದ ಒಂದು ಅಧ್ಯಯನದಲ್ಲಿದೆ. ಅವರು ಕಾಲೇಜು ವಿದ್ಯಾರ್ಥಿಗಳಿಂದ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಸಿದರು. ಕೆಲವರು ತೀರ ಮಾಮೂಲಿ ಸಂಗತಿಗಳನ್ನು ಬರೆದರು. ಉಳಿದವರಲ್ಲಿ ಒಂದು ಗುಂಪು ತಮ್ಮ ಬದುಕಿನ ಆಘಾತದ ವಿವರಗಳನ್ನು ಮಾತ್ರ, ಮತ್ತೊಂದು ಗುಂಪು ಅದರ ಭಾವನೆಗಳನ್ನು ಮಾತ್ರ, ಇನ್ನೊಂದು ಗುಂಪು ಎರಡನ್ನೂ ಕೂಡಿಸಿ ಬರೆಯಿತು. ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಎಡತಾಕುವುದು ಕಡಿಮೆಯಾದದ್ದು ಎರಡನ್ನೂ ಕೂಡಿಸಿ ಬರೆದವರಲ್ಲಿ. ಆದರೆ ಬರೆದ ಆ ಹೊತ್ತಿನಲ್ಲಿ ಅವರ ರಕ್ತದೊತ್ತಡ ಏರಿತ್ತು, ಮನಸ್ಸು ಕದಡಿತ್ತು. ಬರೆದ ಕೂಡಲೇ ಹಗುರವಾಗಬೇಕೆಂದು ನಿರೀಕ್ಷಿಸುವವರು ಇದನ್ನು ಮೊದಲೇ ತಿಳಿದಿರಬೇಕು. 2006ರಲ್ಲಿ ಜೋಆನ್ ಫ್ರಾಟರೋಲಿ 146 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಕಂಡ ಪ್ರಯೋಜನ ಸಣ್ಣದು, ಆದರೆ ನಿಜವಾದದ್ದು. ಖರ್ಚಿಲ್ಲದ ಒಂದು ಉಪಾಯಕ್ಕೆ ಅಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ಅದರಿಂದ ಪವಾಡವನ್ನೇನೂ ಬಯಸಬಾರದು.

ವಿಷಯವನ್ನು ಆರಿಸುವುದು

ಮೊದಲ ಹೆಜ್ಜೆಯೇ ಎಲ್ಲಕ್ಕಿಂತ ಕಠಿಣವಾದದ್ದು. ಬದುಕಿನ ಅತಿ ದೊಡ್ಡ ಗಾಯದಿಂದ ಆರಂಭಿಸಬೇಕಾಗಿಲ್ಲ. ಬೇಡವೆಂದರೂ ದಿನದಲ್ಲಿ ಹಲವು ಸಲ ತಲೆಗೆ ಬರುವ, ಯಾರೊಡನೆಯೂ ಪೂರ್ತಿ ಹೇಳಿಕೊಳ್ಳದ ಒಂದು ಸಂಗತಿಯನ್ನು ಆರಿಸಿಕೊಳ್ಳಬೇಕು. ಕೈತಪ್ಪಿದ ನೌಕರಿ, ಊರಿನ ಆಸ್ತಿ ಪಾಲಾದಾಗ ಅಣ್ಣತಮ್ಮಂದಿರೊಳಗೆ ಬಿದ್ದ ಬಿರುಕು, ಮಗಳ ಮದುವೆಯ ವಿಷಯದಲ್ಲಿ ಆಡಿಬಿಟ್ಟ ಮಾತು, ಇವೆಲ್ಲ ತಕ್ಕ ಗಾತ್ರದ ವಿಷಯಗಳು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೆಲಸದಿಂದ ತೆಗೆಯಲ್ಪಟ್ಟ ಎಂಜಿನಿಯರುಗಳ ಪೈಕಿ ಆ ಅನುಭವವನ್ನು ಹೀಗೆ ಬರೆದವರಿಗೆ ಉಳಿದವರಿಗಿಂತ ಬೇಗ ಹೊಸ ಕೆಲಸ ಸಿಕ್ಕಿತ್ತು.

ಪೆನ್ನೆಬೇಕರ್ ಅವರೇ ಹಾಕಿಕೊಟ್ಟ ಒಂದು ನಿಯಮವನ್ನು ಮೀರಬಾರದು. ಇದನ್ನು ಬರೆದರೆ ನನ್ನಿಂದ ತಡೆದುಕೊಳ್ಳಲಾಗದು ಎಂದು ಅನ್ನಿಸಿದರೆ ಆ ವಿಷಯವನ್ನು ಬಿಟ್ಟು ಬೇರೆಯದನ್ನು ಬರೆಯಬೇಕು. ಪೆಟ್ಟು ಬಿದ್ದ ಮರುದಿನವೇ ಬರೆಯಲು ಕೂರುವುದೂ ಒಳ್ಳೆಯದಲ್ಲ. ಆಗಷ್ಟೇ ದಾಂಪತ್ಯ ಮುರಿದುಕೊಂಡವರ ಕುರಿತು ಡೇವಿಡ್ ಸ್ಬಾರಾ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೇಕಾಯಿತು ಎಂದು ಅದೇ ಯೋಚನೆಯಲ್ಲಿ ಮುಳುಗಿದವರು ಭಾವನೆಗಳನ್ನು ಬರೆದಾಗ, ದಿನದ ಸಾದಾ ಕೆಲಸಗಳನ್ನು ಬರೆದವರಿಗಿಂತ ಚೇತರಿಕೆಯಲ್ಲಿ ಹಿಂದೆ ಬಿದ್ದರು. ಕೆಲವು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಬರೆಯುವುದು ಲೇಸು. ಸಾಯುವ ಯೋಚನೆ ಬರುತ್ತಿರುವವರು, ಮನೆಯಲ್ಲಿ ಹಿಂಸೆಗೆ ಒಳಗಾಗುತ್ತಿರುವವರು, ಭ್ರಮೆಯಂಥ ಲಕ್ಷಣಗಳಿರುವವರು ನೋಟ್‌ಬುಕ್ಕಿಗಿಂತ ಮೊದಲು ಮನೋವೈದ್ಯರನ್ನು ಕಾಣಬೇಕು.

ಜಾಗ, ಹೊತ್ತು, ಭಾಷೆ

ಯಾರೂ ಇಣುಕದ ಜಾಗವೊಂದು ಬೇಕು ಎಂದು ಪುಸ್ತಕಗಳು ಸುಲಭವಾಗಿ ಹೇಳಿಬಿಡುತ್ತವೆ. ಪುಸ್ತಕ ಬರೆದವರು ನಮ್ಮ ಮುಂಬಯಿಯ ಚಾಳುಗಳ ಹತ್ತು ಬೈ ಹನ್ನೆರಡರ ಖೋಲಿಯನ್ನು ಕಂಡವರಲ್ಲ. ಐದು ಜನರಿರುವ ಮನೆಯಲ್ಲಿ, ಹೋಟೆಲಿನ ಮಾಳಿಗೆಯಲ್ಲಿ ಸಾಲಾಗಿ ಮಲಗುವ ಹುಡುಗರ ನಡುವೆ, ಏಕಾಂತವನ್ನು ಹೊರಗೇ ಹುಡುಕಬೇಕಾಗುತ್ತದೆ. ಮಾಟುಂಗಾದ ಫೈವ್ ಗಾರ್ಡನ್ಸಿನ ಬೆಂಚು, ವಾಚನಾಲಯದ ಮೂಲೆಯ ಮೇಜು, ಎಲ್ಲರೂ ಹೊರಟ ಮೇಲಿನ ಆಫೀಸಿನ ಕುರ್ಚಿ, ಯಾವುದಾದರೂ ಆದೀತು. ಡೊಂಬಿವಲಿಯ ಫಾಸ್ಟ್ ಲೋಕಲ್ ರೈಲಿನಲ್ಲಿ ಕೂರಲು ಸೀಟು ಸಿಕ್ಕರೂ ಈ ಬರವಣಿಗೆಗೆ ಅದು ಜಾಗವಲ್ಲ. ಪಕ್ಕದವರ ಕಣ್ಣು ಪುಟದ ಮೇಲಿದ್ದರೆ ಕೈ ತಾನಾಗಿಯೇ ಸುಳ್ಳು ಬರೆಯುತ್ತದೆ. ಬರೆದು ಮುಗಿಸಿದ ಮೇಲೆ ಹತ್ತು ಹದಿನೈದು ನಿಮಿಷದ ಬಿಡುವು ಸಿಗುವ ಹೊತ್ತನ್ನು ಆರಿಸಿಕೊಳ್ಳಬೇಕು. ಮಲಗುವ ಮುಂಚಿನ ಹೊತ್ತು ಬೇಡ.

ಚರ್ಮದ ಹೊದಿಕೆಯ ದುಬಾರಿ ಜರ್ನಲ್ ಬೇಕಾಗಿಲ್ಲ. ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಸಿಗುವ ಸಾದಾ ನೋಟ್‌ಬುಕ್ ಸಾಕು. ಮೊಬೈಲಿನಲ್ಲಿ ಬರೆದರೂ ನಡೆಯುತ್ತದೆ, ಆದರೆ ಮಕ್ಕಳ ಕೈಗೂ ಹೋಗುವ ಮೊಬೈಲಿಗೆ ಲಾಕ್ ಇರಲಿ. ಮನೆಯಲ್ಲಿ ತುಳು ಅಥವಾ ಕನ್ನಡ, ಬೀದಿಯಲ್ಲಿ ಮರಾಠಿ, ಕೆಲಸದಲ್ಲಿ ಹಿಂದಿ–ಇಂಗ್ಲಿಷ್ ಆಡುವ ನಮ್ಮಲ್ಲಿ ಯಾವ ಭಾಷೆಯಲ್ಲಿ ಬರೆಯಬೇಕೆಂಬ ಪ್ರಶ್ನೆ ಬರುವುದು ಸಹಜ. ಆ ಸಂಗತಿ ಯಾವ ಭಾಷೆಯಲ್ಲಿ ನಡೆಯಿತೋ ಆ ಭಾಷೆಯಲ್ಲಿ ಬರೆಯಬಹುದು. ನಡುವೆ ಬೆರಕೆಯಾದರೂ ದೋಷವಿಲ್ಲ. ಇಲ್ಲೇ ಮರಾಠಿ ಮಾಧ್ಯಮದಲ್ಲಿ ಓದಿ ಕನ್ನಡ ಲಿಪಿ ಬಾರದವರು ಕನ್ನಡದ ಮಾತನ್ನೇ ದೇವನಾಗರಿಯಲ್ಲಿ ಬರೆದರಾಯಿತು. ಕಾಗುಣಿತ, ವ್ಯಾಕರಣಗಳನ್ನು ಯಾರೂ ತಿದ್ದುವುದಿಲ್ಲ.

ನಾಲ್ಕು ದಿನದ ಬರವಣಿಗೆ

ದಿನಕ್ಕೆ 15ರಿಂದ 20 ನಿಮಿಷದ ಅಲಾರಾಂ ಇಟ್ಟುಕೊಂಡು, ಅದು ಹೊಡೆಯುವವರೆಗೆ ಪೆನ್ನು ಎತ್ತದೆ ಬರೆಯಬೇಕು. ಏನೂ ತೋಚದಿದ್ದರೆ ಹಿಂದಿನ ವಾಕ್ಯವನ್ನೇ ಮತ್ತೆ ಬರೆಯಬೇಕು. ಮೊದಲ ದಿನ ನಡೆದದ್ದನ್ನೂ ಆಗ ಅನ್ನಿಸಿದ್ದನ್ನೂ ಬರೆದರೆ ಸಾಕು. ಎರಡನೆಯ ದಿನ ಅದು ಮನೆ, ಕೆಲಸ, ನಂಟು ಇವುಗಳನ್ನು ಹೇಗೆ ಮುಟ್ಟಿತು ಎಂಬ ಕಡೆಗೆ ಹೊರಳಬೇಕು. ಮೂರನೆಯ ದಿನ ಅದೇ ಸಂಗತಿಯನ್ನು ಅಲ್ಲಿದ್ದ ಇನ್ನೊಬ್ಬರ ಕಣ್ಣಿನಿಂದ ನೋಡಿ ಬರೆಯುವುದು ಒಳ್ಳೆಯದು. ಕೊನೆಯ ದಿನ ಇವನ್ನೆಲ್ಲ ಜೋಡಿಸಿ, ಮುಂದೇನು ಎಂಬುದಕ್ಕೆ ಬರಬೇಕು.

ಬರಹದಲ್ಲಿ ಆಗಬೇಕಾದ ಬದಲಾವಣೆ ಯಾವುದೆಂದು ತಿಳಿಯಲು ಒಂದು ಕಲ್ಪಿತ ಉದಾಹರಣೆ ನೋಡಬಹುದು. ಭಾಂಡೂಪಿನ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುವ ಒಬ್ಬರು, ಕುಂದಾಪುರದ ಕಡೆಯ ತಮ್ಮ ಊರಿನಲ್ಲಿ ತಂದೆ ತೀರಿಕೊಂಡಾಗ ದಹನಕ್ಕೆ ಮುಟ್ಟಲಾಗದ್ದನ್ನು ಬರೆಯುತ್ತಿದ್ದಾರೆ ಎಂದುಕೊಳ್ಳಿ. ಮೊದಲ ದಿನದ ಪುಟದಲ್ಲಿ, “ನಾನು ಹೋಗಲಿಲ್ಲ. ನನಗೆ ಅಪ್ಪನ ಮುಖ ಸಿಗಲಿಲ್ಲ. ನನ್ನ ಹಣೆಬರಹ” ಎಂದಿರುತ್ತದೆ. ನಾಲ್ಕನೆಯ ದಿನ, “ಫೋನು ಬಂದಾಗಲೇ ರಾತ್ರಿ ಹತ್ತಾಗಿತ್ತು, ಯಾಕೆಂದರೆ ಅಣ್ಣ ಆಸ್ಪತ್ರೆಯಲ್ಲಿ ಒಬ್ಬನೇ ಇದ್ದ. ಊರಿನ ಬಸ್ಸುಗಳೆಲ್ಲ ಹೊರಟುಹೋಗಿದ್ದವು. ಅಣ್ಣ ನನ್ನ ಮೇಲೆ ಸಿಟ್ಟಾಗಿದ್ದಾನೆ ಎಂದುಕೊಂಡಿದ್ದೆ, ಅವನೂ ಕಾದು ಸೋತಿದ್ದನೆಂದು ಈಗ ತೋರುತ್ತದೆ” ಎಂದು ಬಂದರೆ ಕೆಲಸ ಆಗುತ್ತಿದೆ ಎಂದರ್ಥ. ಪೆನ್ನೆಬೇಕರ್ ಮತ್ತು ಸಂಗಡಿಗರು ಇಂಥ ಬರಹಗಳ ಪದಗಳನ್ನು ಕಂಪ್ಯೂಟರಿನಲ್ಲಿ ಎಣಿಸಿದಾಗ, ದಿನದಿಂದ ದಿನಕ್ಕೆ ಕಾರಣ ಹೇಳುವ ಮತ್ತು ಅರಿವಿಗೆ ಬಂದುದನ್ನು ಸೂಚಿಸುವ ಮಾತುಗಳು ಹೆಚ್ಚಾದವರಿಗೆ, ಹಾಗೂ ‘ನಾನು’ ಎಂಬಲ್ಲಿಂದ ಇತರರ ಕಡೆಗೆ, ಮತ್ತೆ ತಮ್ಮ ಕಡೆಗೆ ಓಡಾಡಿದವರಿಗೆ, ಹೆಚ್ಚಿನ ಪ್ರಯೋಜನ ಕಂಡಿತು. ನಾಲ್ಕನೆಯ ದಿನವೂ ಮೊದಲ ದಿನದ ವಾಕ್ಯಗಳೇ ಬಂದರೆ ಐದನೆಯ ದಿನಕ್ಕೆ ಬೆಳೆಸಬಾರದು. ಆ ಪುಟಗಳನ್ನು ಆಪ್ತಸಮಾಲೋಚಕರ ಮುಂದಿಡಬೇಕು.

ದಿನನಿತ್ಯದ ಕಿರಿಕಿರಿಗೆ ಬೇರೆಯೇ ಕ್ರಮವಿದೆ. ಅಮೆರಿಕದ ಮನೋವೈದ್ಯ ಆ್ಯರನ್ ಬೆಕ್ ರೂಪಿಸಿದ ಚಿಂತನಾ ಚಿಕಿತ್ಸೆಯಲ್ಲಿ (ಕಾಗ್ನಿಟಿವ್ ಥೆರಪಿ) ಒಂದು ಪುಟವನ್ನು ಕಾಲಂಗಳಾಗಿ ಗೆರೆ ಎಳೆದು, ನಡೆದದ್ದು, ಆಗ ಬಂದ ಯೋಚನೆ, ಭಾವನೆ ಮತ್ತು ನೂರಕ್ಕೆ ಅದರ ತೀವ್ರತೆ, ಯೋಚನೆಯ ಪರವಾದ ಪುರಾವೆ, ವಿರುದ್ಧವಾದ ಪುರಾವೆ, ಇನ್ನೊಂದು ಬಗೆಯ ಯೋಚನೆ ಎಂದು ತುಂಬಿಸುತ್ತಾರೆ. “ಸಾಹೇಬರು ಮೀಟಿಂಗಿನಲ್ಲಿ ನನ್ನ ಕಡೆ ನೋಡಲೇ ಇಲ್ಲ, ಕೆಲಸ ಹೋಗುತ್ತದೆ, ಭಯ, 80” ಎಂದು ಬರೆದವರು, “ಅವರು ಯಾರ ಕಡೆಗೂ ನೋಡಲಿಲ್ಲ, ಕಣ್ಣು ಲ್ಯಾಪ್‌ಟಾಪಿನಲ್ಲಿತ್ತು” ಎಂಬ ವಿರುದ್ಧ ಪುರಾವೆಯನ್ನೂ ಬರೆದ ಮೇಲೆ ಅಂಕೆಯನ್ನು ಮತ್ತೆ ಹಾಕುತ್ತಾರೆ. ಇದು ಲೋಕಲ್ಲಿನಲ್ಲಿ ನಿಂತುಕೊಂಡೂ ಮೊಬೈಲಿನಲ್ಲಿ ಮಾಡಬಹುದಾದ ಕೆಲಸ. ನಿದ್ದೆ ಬಾರದವರು ಮಲಗುವ ಮುನ್ನ ಐದು ನಿಮಿಷ ನಾಳೆಯ ಕೆಲಸಗಳ ಪಟ್ಟಿ ಬರೆಯಬಹುದು. 2018ರ ಒಂದು ಅಧ್ಯಯನದಲ್ಲಿ ಹಾಗೆ ಬರೆದವರಿಗೆ, ಮುಗಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆ ಹತ್ತಿತು.

ಅಪಘಾತ, ಅತ್ಯಾಚಾರ, ಬಾಂಬ್ ಸ್ಫೋಟದಂಥ ಆಘಾತದ ನೆನಪುಗಳಿಗೆ ಡೆನೀಸ್ ಸ್ಲೋನ್ ಮತ್ತು ಬ್ರಯಾನ್ ಮಾರ್ಕ್ಸ್ ರೂಪಿಸಿದ, ಐದು ಭೇಟಿಗಳಲ್ಲಿ ಮುಗಿಯುವ ಬರವಣಿಗೆಯ ಚಿಕಿತ್ಸೆಯೊಂದಿದೆ. ಅದನ್ನು ತರಬೇತಿ ಪಡೆದ ಚಿಕಿತ್ಸಕರ ಎದುರಿನಲ್ಲೇ ಮಾಡಬೇಕು.

ಬರೆದ ಮೇಲೆ

ಪುಟಗಳನ್ನು ಹರಿದುಹಾಕಬಹುದು, ಬೀಗದೊಳಗೂ ಇಡಬಹುದು. ಆಪ್ತಸಮಾಲೋಚಕರ ಬಳಿ ಒಯ್ಯುವವರು ಎಲ್ಲವನ್ನೂ ಓದಿ ಹೇಳಬೇಕಾಗಿಲ್ಲ. ಗೆರೆ ಹಾಕಿದ ನಾಲ್ಕು ಸಾಲು ಸಾಕು. ಮಾನಸಿಕ ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ. ಬರೆದ ದಿನ ಮನಸ್ಸು ಭಾರವಾಗುವುದು ಸಾಮಾನ್ಯ. ಆದರೆ ನಾಲ್ಕು ದಿನ ಮುಗಿದು ವಾರಗಳಾದರೂ ನಿದ್ದೆ, ಊಟ ಸರಿಹೋಗದಿದ್ದರೆ ಬರವಣಿಗೆಯನ್ನು ನಿಲ್ಲಿಸಿ ನೆರವು ಕೇಳಬೇಕು. ಠಾಣೆಯ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಇಂಥ ಕೆಲಸದಲ್ಲಿ ತೊಡಗಿರುವ ಸಂಸ್ಥೆ. ಕನ್ನಡದಲ್ಲೇ ಮಾತಾಡಬೇಕೆನ್ನುವವರು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕರೆ ತಗುಲಿದಾಗ ಭಾಷೆಯನ್ನು ಆರಿಸಿಕೊಳ್ಳಲು ಅವಕಾಶವಿದೆ.