ನಾಲ್ಕನೆಯ ಕಾಲಂ: ಬೆಂಗಳೂರಿನ ಖರ್ಚನ್ನು ನಾನು ಹಿಡಿದ ಬಗೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಘಟಕವೊಂದರ ಲೆಕ್ಕವನ್ನು ನನ್ನ ತಂದೆ ಮೂವತ್ತು ವರ್ಷ ಬರೆದರು. ನಾನೂ ಬಿ.ಕಾಂ. ಮುಗಿಸಿ ಅದೇ ದಾರಿ ಹಿಡಿದು, 2012ರಿಂದ 2024ರವರೆಗೆ ಬೆಂಗಳೂರಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದೆ. ಕಂಪನಿಯ ಪುಸ್ತಕವನ್ನು ತಿಂಗಳ ಕೊನೆಗೆ ಪೈಸೆ ಬಿಡದೆ ತಾಳೆ ಹಾಕುತ್ತಿದ್ದವಳಿಗೆ ಸ್ವಂತ ಮನೆಯ ಲೆಕ್ಕ ಮಾತ್ರ ಏಳು ವರ್ಷ ತಾಳೆಯಾಗಲಿಲ್ಲ ಎಂಬುದನ್ನು ಹೇಳಿಕೊಳ್ಳಲು ಇಂದಿಗೂ ಸಂಕೋಚವಾಗುತ್ತದೆ.

2018ರಲ್ಲಿ ನಾವು ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್ ಸಮುಚ್ಚಯವೊಂದರಲ್ಲಿ ಎರಡು ಕೋಣೆಗಳ ಮನೆಯಲ್ಲಿದ್ದೆವು. ನಮ್ಮ ಮನೆಯವರ ಸಂಬಳ ಮತ್ತು ನನ್ನ ಸಂಬಳ ಸೇರಿ ಕೈಗೆ 1,37,000 ರೂಪಾಯಿ ಬರುತ್ತಿತ್ತು. ಬಾಡಿಗೆ 27,000, ನಿರ್ವಹಣಾ ಶುಲ್ಕ 4,200, ಕಾರಿನ ಕಂತು 14,600, ಮಗಳ ಶಾಲೆಯ ಶುಲ್ಕ ಮತ್ತು ವ್ಯಾನಿಗೆ ತಿಂಗಳ ಲೆಕ್ಕದಲ್ಲಿ 14,000, ಊರಿಗೆ ಕಳುಹಿಸುವ 10,000, ಇವುಗಳ ಜೊತೆ ದಿನಸಿ, ಪೆಟ್ರೋಲ್, ಮನೆಗೆಲಸದವರ ಸಂಬಳ, ವಿಮೆ, ಕರೆಂಟು ಎಲ್ಲವನ್ನೂ ಕೂಡಿದರೂ 1,07,000 ದಾಟುತ್ತಿರಲಿಲ್ಲ. ಹಾಗಿದ್ದರೆ ತಿಂಗಳಿಗೆ 30,000 ಉಳಿಯಬೇಕಿತ್ತು. ಬ್ಯಾಂಕಿನಲ್ಲಿ ಉಳಿಯುತ್ತಿದ್ದದ್ದು ಐದಾರು ಸಾವಿರ. ನಡುವಿನ 24,000 ಎಲ್ಲಿ ಹೋಯಿತೆಂದು ಕೇಳಿದರೆ ‘ಬೆಂಗಳೂರು ದುಬಾರಿ ಊರು’ ಎಂಬ ಒಂದೇ ಉತ್ತರವನ್ನು ನಾವಿಬ್ಬರೂ ಸರದಿಯಂತೆ ಹೇಳಿಕೊಳ್ಳುತ್ತಿದ್ದೆವು. ಆ ಉತ್ತರ ಸುಳ್ಳಲ್ಲ. ಆದರೆ ದುಬಾರಿ ಊರಿನ ಬಾಡಿಗೆ, ಶಾಲೆ, ಪೆಟ್ರೋಲುಗಳನ್ನು ನಾನು ಆಗಲೇ ಕಳೆದಾಗಿತ್ತಲ್ಲ!

2019ರ ಸಂಕ್ರಾಂತಿಗೆ ಅಪ್ಪ ಬಂದಿದ್ದರು. ನಾನು ಖರ್ಚು ಬರೆಯುತ್ತಿದ್ದ ಪುಸ್ತಕವನ್ನು ಕನ್ನಡಕ ಏರಿಸಿಕೊಂಡು ಪುಟ ಪುಟ ತಿರುವಿ ನೋಡಿದರು. ತಾರೀಖು, ವಿವರ, ಮೊತ್ತ ಎಂದು ಮೂರು ಕಾಲಂ ಇದ್ದವು.

“ಬರದದ್ದು ಛಲೋ ಐತಿ ಯವ್ವಾ. ಆದ್ರ ಇದು ಯಾರ ಹೆಸರಿಗೆ?” ಎಂದರು.

“ಯಾರ ಹೆಸರಿಗೆ ಅಂದ್ರ? ಮನಿ ಖರ್ಚಪ್ಪಾ ಅದು.”

“ನಮ್ಮ ಖಾತೆ ಪುಸ್ತಕದಾಗ ಹೆಸರಿಲ್ಲದ ರೂಪಾಯಿ ಇರೂದಿಲ್ಲ. ಕಟಿಂಗ್ ಮಾಡಿದಾವ್ಗ ಒಂದು ಪುಟ, ಕಾಜಾ-ಬಟನ್ನಿನಾವ್ಗ ಒಂದು ಪುಟ, ವಾಷಿಂಗಿನಾವ್ಗ ಒಂದು ಪುಟ. ಇಲ್ಲಿ ನೋಡಿದ್ರ ಬರೇ ರೊಕ್ಕ ಹೋಗೈತಿ, ಯಾರ ಕಡೆ ಹೋತು ಅಂತ ಇಲ್ಲ.”

ಅವರು ಕೇಳಿದ್ದು ಸರಳವಾಗಿ ಲೆಕ್ಕದ ಕ್ರಮದ ಪ್ರಶ್ನೆ. ನಾನು ಅದನ್ನು ಬೇರೆ ರೀತಿಯಲ್ಲಿ ತೆಗೆದುಕೊಂಡೆ. ಹಣ ಯಾವ ಅಂಗಡಿಗೆ ಹೋಯಿತು ಎಂದು ಬರೆಯುವ ಬದಲು, ಆ ಖರ್ಚನ್ನು ಮಾಡುವಾಗ ನನ್ನ ಮನಸ್ಸಿನಲ್ಲಿ ಯಾರಿದ್ದರು ಎಂಬುದನ್ನು ನಾಲ್ಕನೆಯ ಕಾಲಮ್ಮಿನಲ್ಲಿ ಬರೆಯಲು ಶುರುಮಾಡಿದೆ. ಹಸಿವಿಗೆ, ಕಾಯಿಲೆಗೆ, ಕೆಲಸಕ್ಕೆ ಆದ ಖರ್ಚಿಗೆ ‘ಮನೆ’ ಎಂದು ಬರೆದೆ. ಉಳಿದವುಗಳಿಗೆ ನಿಜವಾದ ಹೆಸರು. ಈ ಕ್ರಮದಲ್ಲಿ ಒಂದು ಎಚ್ಚರಿಕೆ ಅಗತ್ಯ: ಹೆಸರನ್ನು ಅದೇ ರಾತ್ರಿ ಬರೆಯಬೇಕು. ಎರಡು ದಿನ ತಡವಾದರೆ ಎಲ್ಲ ಖರ್ಚಿಗೂ ಒಳ್ಳೆಯ ಕಾರಣವೊಂದು ಹುಟ್ಟಿಕೊಂಡು, ಎಲ್ಲವೂ ‘ಮನೆ’ಯೇ ಆಗಿಬಿಡುತ್ತದೆ.

ಮೂರು ತಿಂಗಳು ಹೀಗೆ ಬರೆದ ಮೇಲೆ ಕೂಡಿ ನೋಡಿದಾಗ, ಆ 24,000ದಲ್ಲಿ ಸರಾಸರಿ 15,000ದಷ್ಟಕ್ಕೆ ಹೊರಗಿನವರ ಹೆಸರಿತ್ತು. ಅತಿ ಹೆಚ್ಚು ಸಲ ಬಂದ ಹೆಸರು ‘ನಾಲ್ಕನೇ ಮಹಡಿ’. ಅಲ್ಲಿನ ದಂಪತಿ ಬಹಳ ಸಜ್ಜನರು, ಏನನ್ನೂ ತೋರಿಸಿಕೊಂಡವರಲ್ಲ; ಅವರ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿಬಂದ ಮಾರನೆಯ ವಾರ ನಮ್ಮ ಮಗಳ ಹುಟ್ಟುಹಬ್ಬದ ಅಂದಾಜು ವೆಚ್ಚ 8,000ದಿಂದ 22,000ಕ್ಕೆ ಏರಿದ್ದು ನಮ್ಮ ತಲೆಯಲ್ಲಿ. ಎರಡನೆಯ ಹೆಸರು ‘ಶಾಲೆಯ ವಾಟ್ಸ್ಆ್ಯಪ್ ಗುಂಪು’. ಮೂರನೆಯದು, ನನಗೆ ಆಶ್ಚರ್ಯ ತರಿಸಿದ್ದು, ‘ಬಳ್ಳಾರಿ’. ಊರಿನ ಮದುವೆಗಳಿಗೆ ಹೋಗುವಾಗ ಬೆಂಗಳೂರಿನವರು ಎನ್ನಿಸಿಕೊಳ್ಳಲು ನಾವು ಉಡುತ್ತಿದ್ದ ಸೀರೆ, ಕೊಡುತ್ತಿದ್ದ ಮುಯ್ಯಿ, ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಆರಾಮವಾಗಿ ಹೋಗಬಹುದಾದ ದಾರಿಗೆ ಕಾರಿನಲ್ಲೇ ಹೋಗಬೇಕೆಂಬ ಹಟ, ಇವೆಲ್ಲ ಆ ಹೆಸರಿನ ಕೆಳಗೆ ಬಂದವು.

ಬಳ್ಳಾರಿಯವಳಾದ ನನಗೆ ಇದು ಹೊಸ ಪಾಠವಾಗಬಾರದಿತ್ತು. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಬೆಲೆ ಬಂದ ವರ್ಷಗಳಲ್ಲಿ ನಾನು ಕಾಲೇಜಿನಲ್ಲಿದ್ದೆ. ಆಗ ನಮ್ಮ ಓಣಿಯಲ್ಲಿ ಒಬ್ಬರು ಸಾಲ ಮಾಡಿ ಲಾರಿ ಕೊಂಡರೆ ಪಕ್ಕದವರು ಎರಡು ಕೊಳ್ಳುತ್ತಿದ್ದರು. ಲಾರಿ ಅದಿರು ಹೊರಲು ಎಂಬುದು ನಿಜವಾದರೂ ಎರಡನೆಯ ಲಾರಿ ಪಕ್ಕದ ಮನೆಯ ಸಲುವಾಗಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಗಣಿಗೆ ಸಂಬಂಧವೇ ಇರದ ಶಿಕ್ಷಕರು, ಗುಮಾಸ್ತರು ಕೂಡ ಏರಿದ ಬಾಡಿಗೆಯನ್ನು ಕಟ್ಟಬೇಕಾಯಿತು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ನಿಂತವು, ಕಂತುಗಳು ನಿಲ್ಲಲಿಲ್ಲ. ಅದನ್ನೆಲ್ಲ ಕಣ್ಣಾರೆ ಕಂಡು ಬೆಂಗಳೂರಿಗೆ ಹೋದವಳು, ಚೆನ್ನಾಗಿ ಓಡುತ್ತಿದ್ದ ಸಣ್ಣ ಕಾರನ್ನು ಮಾರಿ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಒಪ್ಪುವಂಥ ಕಾರಿಗೆ ಐದು ವರ್ಷದ ಕಂತು ಕಟ್ಟಲು ಸಹಿ ಹಾಕಿದ್ದೆ.

ಇನ್ನು ಮಾಡಿದ್ದೇನು ಎಂಬುದಕ್ಕೆ ಬರುತ್ತೇನೆ. ಮೊದಲು ಕೈ ಹಾಕಿದ್ದು ಬಾಡಿಗೆಗೆ, ಏಕೆಂದರೆ ಅಲ್ಲಿ ನಮ್ಮನ್ನು ಕಟ್ಟಿಹಾಕಿದ್ದು ಒಂದು ತಪ್ಪು ತಿಳಿವಳಿಕೆ. ‘ಬಾಡಿಗೆ ಹೆಚ್ಚಾದರೇನು, ತೆರಿಗೆಯಲ್ಲಿ ಉಳಿಯುತ್ತದೆ’ ಎಂದು ನಮ್ಮ ಮನೆಯವರ ಕಚೇರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಆಗ ಮೂರು ಮೊತ್ತಗಳಲ್ಲಿ ಅತಿ ಚಿಕ್ಕದಕ್ಕೆ ಮಾತ್ರ ಸಿಗುತ್ತಿತ್ತು: ಕೈಗೆ ಬಂದ ಭತ್ಯೆ, ಕಟ್ಟಿದ ಬಾಡಿಗೆಯಿಂದ ಮೂಲ ವೇತನದ ಶೇ 10ನ್ನು ಕಳೆದ ಮೊತ್ತ, ಮತ್ತು ಮೂಲ ವೇತನದ ಶೇ 40. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಿಗೆ ಈ ಕೊನೆಯದು ಶೇ 50 ಇತ್ತು. ಆದರೆ ಇಷ್ಟು ದುಬಾರಿಯಾದ ಬೆಂಗಳೂರು ಆಗ ತೆರಿಗೆಯ ಲೆಕ್ಕದಲ್ಲಿ ಮಹಾನಗರವೇ ಆಗಿರಲಿಲ್ಲ. ನಮ್ಮವರ ಮೂಲ ವೇತನ 45,000, ಭತ್ಯೆ 18,000. ಅಂದರೆ 22,500 ದಾಟಿದ ಬಾಡಿಗೆಯ ಒಂದು ರೂಪಾಯಿಗೂ ವಿನಾಯಿತಿಯ ಲಾಭ ಇರಲಿಲ್ಲ. 16,000ದ ಮನೆಗೆ ಹೋದರೆ ವಿನಾಯಿತಿ 18,000ದಿಂದ 11,500ಕ್ಕೆ ಇಳಿಯುತ್ತದೆ. ಶೇ 20ರ ಹಂತದಲ್ಲಿ ಸೆಸ್ ಸೇರಿ ತಿಂಗಳಿಗೆ ಸುಮಾರು 1,350 ರೂಪಾಯಿ ತೆರಿಗೆ ಹೆಚ್ಚುತ್ತದೆ. ಬಾಡಿಗೆ ಮತ್ತು ನಿರ್ವಹಣಾ ಶುಲ್ಕದಲ್ಲಿ ಉಳಿಯುವುದು 15,200. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅವರ ಊಟದ ತಟ್ಟೆಯ ಪಕ್ಕ ಇಟ್ಟೆ.

ಕೆ.ಆರ್. ಪುರದ ಹಳೆಯ ಮನೆಯೊಂದರ ಮೊದಲ ಮಹಡಿಗೆ 2019ರ ಜೂನಿನಲ್ಲಿ ಹೋದೆವು. ಹೋಗುವಾಗ ಕಲಿತ ಇನ್ನೊಂದು ವಿಷಯವೆಂದರೆ ಮುಂಗಡದ ಹಣದ್ದು. ಹಳೆಯ ಮನೆಗೆ ಹತ್ತು ತಿಂಗಳ ಬಾಡಿಗೆ, ಅಂದರೆ 2,70,000 ರೂಪಾಯಿ, ಬಡ್ಡಿಯಿಲ್ಲದೆ ಮಾಲೀಕರ ಬಳಿ ಕೂತಿತ್ತು. ಮರಳಿ ಬರುವಾಗ ಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಹೊಸ ಮಾಲೀಕರೊಂದಿಗೆ ಮಾತನಾಡಿ ಮುಂಗಡವನ್ನು ಒಂದೂವರೆ ಲಕ್ಷದಿಂದ ಒಂದು ಲಕ್ಷಕ್ಕೆ ಇಳಿಸಿಕೊಂಡು, ಬಣ್ಣದ ಖರ್ಚಿನ ಮಿತಿಯನ್ನು ಕರಾರಿನಲ್ಲಿಯೇ ಬರೆಸಿದೆ. ಕೇಳಿದರೆ ಕಡಿಮೆ ಮಾಡುತ್ತಾರೆ ಎಂಬುದು ಏಳು ವರ್ಷ ನಮಗೆ ಹೊಳೆದಿರಲಿಲ್ಲ, ಏಕೆಂದರೆ ಆ ಸಮುಚ್ಚಯದಲ್ಲಿ ಚೌಕಾಸಿ ಮಾಡುವುದೇ ಬಡತನದ ಗುರುತಾಗಿತ್ತು.

ಹುಟ್ಟುಹಬ್ಬದ ವಿಷಯದಲ್ಲಿ ನಾಲ್ಕನೇ ಮಹಡಿಯವರೊಂದಿಗೇ ನೇರವಾಗಿ ಮಾತನಾಡಿದೆ. ಅವರ ಪತ್ನಿ ನಕ್ಕು, “ನಾವು ಎರಡನೇ ಮಹಡಿಯವರನ್ನು ನೋಡಿ ಮಾಡಿದ್ದು ಕಣ್ರೀ” ಎಂದರು. ಆ ವರ್ಷದಿಂದ ಮೂರು ಮನೆಯ ಮಕ್ಕಳ ಹುಟ್ಟುಹಬ್ಬವನ್ನು ಒಂದೇ ದಿನ, ಉಡುಗೊರೆ ಇಲ್ಲದೆ ಮಾಡಿದೆವು. ಮಾಲಿನಲ್ಲಿ ಮಗಳಿಗೆ 1,599 ರೂಪಾಯಿಗೆ ಕೊಂಡ ಜೀನ್ಸನ್ನು ಅಪ್ಪ ಒಳಮಗ್ಗುಲಾಗಿ ತಿರುವಿ ಹೊಲಿಗೆ ನೋಡಿ, “ನಮ್ಮಲ್ಲಿಂದ ಸಗಟಿಗೆ ಹೋಗುವಾಗ ಇಂಥಾದ್ದಕ್ಕ ಇದರ ಕಾಲುಪಾಲೂ ಇರೂದಿಲ್ಲ” ಎಂದ ಮೇಲೆ ಬಟ್ಟೆಯ ಪ್ರಶ್ನೆ ತಾನಾಗಿಯೇ ಮುಗಿಯಿತು. ಅಕ್ಕಿಯನ್ನು ಸಿರುಗುಪ್ಪದ ನೆಂಟರಿಂದ ತರಿಸತೊಡಗಿದೆವು. ಇದರಲ್ಲಿ ಉಳಿದದ್ದು ಅಲ್ಪ, ಸೋನಾ ಮಸೂರಿಯ ರುಚಿಯೇ ಲಾಭ.

ಶಾಲೆಯನ್ನು ಮಾತ್ರ ಬದಲಿಸಲಿಲ್ಲ. ಅದರ ಎದುರು ನಾಲ್ಕನೆಯ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ನಾವಿಬ್ಬರೂ ಹಲವು ರಾತ್ರಿ ವಾದಿಸಿ, ಅರ್ಧ ‘ಮಗಳು’, ಅರ್ಧ ‘ನಾವು’ ಎಂದು ಬರೆದು ಕೈಬಿಟ್ಟೆವು. ಕಾರಿನ ಕಂತನ್ನೂ ಕೊನೆಯವರೆಗೆ ಕಟ್ಟಿದೆವು, ಏಕೆಂದರೆ ಆಗ ಮಾರಿದರೆ ಸಿಗುತ್ತಿದ್ದ ಬೆಲೆ ಉಳಿದ ಸಾಲಕ್ಕಿಂತ ಕಡಿಮೆ ಇತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ನನ್ನ ಬಸ್ಸಿನ ಖರ್ಚು ಸೊನ್ನೆಯಾದಾಗ ಕಾರು ವಾರಗಟ್ಟಲೆ ನಿಂತಲ್ಲೇ ಧೂಳು ತಿನ್ನುತ್ತಿತ್ತು.

2024ರ ಮೇ ತಿಂಗಳಲ್ಲಿ, ನಮ್ಮ ಮನೆಯವರ ಕಂಪನಿ ತಿಂಗಳಿಗೆ ಎರಡು ಸಲ ಬಂದರೆ ಸಾಕೆಂದು ಒಪ್ಪಿದ್ದರಿಂದ, ಬಳ್ಳಾರಿಗೆ ಮರಳಿದೆವು. ಗಾಂಧಿನಗರದಲ್ಲಿ 11,000 ಬಾಡಿಗೆಯ ಮನೆ. ಎಲ್ಲವೂ ಅಗ್ಗವಾಯಿತೆಂದು ಹೇಳಲಾರೆ: ಬೆಂಗಳೂರಿನಲ್ಲಿ ಫ್ಯಾನಿನಲ್ಲಿ ಕಳೆಯುತ್ತಿದ್ದ ಬೇಸಿಗೆಗೆ ಇಲ್ಲಿ ಎಸಿ ಬೇಕಾಯಿತು, ಮಗಳ ಕಣ್ಣಿನ ತಪಾಸಣೆಗೆ ವರ್ಷಕ್ಕೆರಡು ಸಲ ಬೆಂಗಳೂರಿಗೇ ಹೋಗಬೇಕು, ನನ್ನ ಆದಾಯ ಅರ್ಧಕ್ಕಿಂತ ಕೆಳಗಿಳಿಯಿತು.

ಮೊದಲ ತಿಂಗಳ ಲೆಕ್ಕವನ್ನು ಕೂಡಿದಾಗ ನಾಲ್ಕನೆಯ ಕಾಲಮ್ಮಿನಲ್ಲಿ ‘ಊರಿನವರು’ ಎಂಬ ಹೆಸರಿನಲ್ಲಿ 46,000 ರೂಪಾಯಿ ಇತ್ತು. ಬೆಂಗಳೂರಿನ ಯಾವ ತಿಂಗಳಲ್ಲೂ ಯಾರ ಹೆಸರಿನಲ್ಲೂ ಅಷ್ಟು ಏರಿರಲಿಲ್ಲ. ಹಾಲು ಉಕ್ಕಿಸುವ ದಿನ ನೂರಿಪ್ಪತ್ತು ಜನರಿಗೆ ಊಟ, ಹಜಾರಕ್ಕೆ ದೊಡ್ಡ ಟಿ.ವಿ., ಬಂದ ಹತ್ತಿರದ ನೆಂಟರಿಗೆಲ್ಲ ಬೆಳ್ಳಿಯ ಬಟ್ಟಲು. ಕೆಲಸ ಹೋಗಿ ಬಂದಿದ್ದಾರೆ ಎಂದು ಯಾರೂ ಅನ್ನಬಾರದಿತ್ತು. ಈಗ ಎಪ್ಪತ್ತನಾಲ್ಕರ ಅಪ್ಪನಿಗೆ ಪುಸ್ತಕ ತೋರಿಸಿದೆ. ಅವರು ಬೆಳ್ಳಿಯ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಇದನ್ನ ಊರಿನವ್ರ ಹೆಸರಿಂದ ತೆಗಿ. ಬಟ್ಲ ಕೊಡೂಣು ಅಂತ ಹಟ ಹಿಡದಾವ ನಾನು.”

ಆ ಸಾಲನ್ನು ಹೊಡೆದು, ಕೆಳಗೆ ಬರೆದೆ: ಅಪ್ಪ, 12,400.